ಜಗಿಯದೆ ಕೊಟ್ಟ ಮಸ್ತಕಿ

ಮದ್ದಿನ ವಿಷಯ ಅರೆಬರೆ ತಿಳಿದವರು ಇಂಥ ಕತೆಗೆ ಕೈ ಹಾಕಬಾರದು. ಆದರೂ ಹೇಳಹೊರಟಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಬಿ.ಸಿ.ರೋಡಿನ ಬಸ್‌ಸ್ಟ್ಯಾಂಡಿನ ಹಿಂದೆ ಹಾಜಬ್ಬರ ಯುನಾನಿ ಮದ್ದಿನ ಅಂಗಡಿ. ಕೆಮ್ಮಿಗೆ ಜಾಲಿಯ ಅಂಟು, ಕೀಲುನೋವಿಗೆ ಗುಗ್ಗುಳ, ಹೊಟ್ಟೆಗೆ ರೂಮಿ ಮಸ್ತಕಿ ಎಂಬ ಮರದಂಟು. ಫಾರಸಿ ಹಕೀಮರ ಕಾಲದಿಂದ ಬಂದ ಕ್ರಮ. ಮಸ್ತಕಿಯ ಹಳದಿ ಹರಳು ಅಸಲಿಯೋ ಅಲ್ಲವೋ ಎಂಬುದು ಕಣ್ಣಿಗೆ ತಿಳಿಯದು, ಹಲ್ಲಿಗೆ ತಿಳಿಯುತ್ತದೆ. ಅಸಲಿಯಾದರೆ ಜಗಿದಷ್ಟೂ ಮೇಣದಂತೆ ಮೆದುವಾಗುತ್ತದೆ. ಹಾಗೆಯೇ ಕಾಣುವ ಸಂದ್ರೂಸ್, ಅಂದರೆ ವಾರ್ನಿಶಿಗೆ ಹಾಕುವ ರಾಳ, ಹಲ್ಲಿನಡಿ ಪುಡಿಯಾಗುತ್ತದೆ.

ರಂಜಾನಿನ ಹಗಲಲ್ಲಿ ಹಾಜಬ್ಬರು ಜಗಿಯುವಂತಿಲ್ಲ. ಸಕ್ಕರೆ ಕಾಯಿಲೆಯಿಂದಾಗಿ ಉಪವಾಸ ಹಿಡಿಯದ ಹೆಂಡತಿ ಆಯಿಶಮ್ಮ ಆ ಒಂದು ತಿಂಗಳು ಅವರಿಗೆ ಹಲ್ಲಾಗಿದ್ದಳು. ಅವಳು ತೀರಿಕೊಂಡ ಮೇಲೆ ಇದು ಮೊದಲ ರಂಜಾನ್.

"ಮಸ್ತಕಿ ಬಂತಾ ಹಾಜಬ್ಬರೇ?"

ಮಧ್ಯಾಹ್ನದ ಬಿಸಿಲಲ್ಲಿ ಬಂದವರು ಅನಂತಮತಿಯಮ್ಮ, ಶಿರ್ತಾಡಿಯ ಬಸದಿಯೊಂದರಲ್ಲಿ ಗುಡಿಸಿ ದೀಪವಿಡುವ ಒಂಟಿ ಹೆಂಗಸು. ಉಂಡ ಮೇಲೆ ಹೊಟ್ಟೆ ಹಿಂಡುವ ನೋವು ಮೂರು ತಿಂಗಳಿಂದ ಅವರನ್ನು ಬಿಟ್ಟಿರಲಿಲ್ಲ.

"ಬೆಳಿಗ್ಗೆಯಷ್ಟೇ ಬಂದದ್ದಮ್ಮ, ಹೊಸ ವ್ಯಾಪಾರಿಯದ್ದು. ನಾನು ಜಗಿದು ನೋಡ್ಲಿಲ್ಲ. ನೀವೇ ಒಂದು ಹರಳು ಬಾಯಿಗೆ ಹಾಕಿ ನೋಡ್ತೀರಾ?"

"ನನಗೆ ಏಕಾಶನ ಮಾರಾಯ್ರೇ. ಇವತ್ತಿನ ಒಂದು ಊಟ ಆಯ್ತು. ಇನ್ನು ಬಾಯಿ ತೆರೆಯುವುದು ನಾಳೆ ಹನ್ನೊಂದಕ್ಕೆ." ಅವರು ನಕ್ಕರು. "ನಿಮ್ಮ ಬಾಯಿಗೂ ಬೀಗ, ನನ್ನದಕ್ಕೂ ಬೀಗ. ಜಗಿದು ಹೇಳ್ಲಿಕ್ಕೆ ಕಂಡಕ್ಟರನನ್ನು ಕರೆಯುವುದಾ?"

ಹಾಜಬ್ಬರೂ ನಕ್ಕರು. ಆ ಅಂಗಡಿಯಲ್ಲಿ ನಗು ಕೇಳಿ ಎಷ್ಟೋ ದಿನವಾಗಿತ್ತು. ಅಷ್ಟರಲ್ಲಿ ಅನಂತಮತಿಯಮ್ಮ ಹತ್ತಬೇಕಾದ ಮೂಡುಬಿದಿರೆಯ ಬಸ್ಸು ಹಾರ್ನ್ ಹೊಡೆಯಿತು. ನಗುವಿನ ಗಡಿಬಿಡಿಯಲ್ಲೇ ಹಾಜಬ್ಬರು ಪೊಟ್ಟಣ ಕಟ್ಟಿ ಕೊಟ್ಟುಬಿಟ್ಟರು.

ಸಂಜೆ ಬಾಂಗ್ ಕೇಳಿಸಿತು. ಒಂದು ಖರ್ಜೂರ ತಿಂದು, ನೀರು ಕುಡಿದು, ಹರಳೊಂದನ್ನು ಹಲ್ಲಿಗಿಟ್ಟರು. ಅದು ಪುಡಿಪುಡಿಯಾಯಿತು. ಇನ್ನೊಂದು, ಅದೂ ಪುಡಿ. "ನೋಡು ಮಾರಾಯ್ತಿ" ಎಂದು ಹೇಳಲು ಎದುರಿಗೆ ಯಾರೂ ಇರಲಿಲ್ಲ. ಅನಂತಮತಿಯಮ್ಮನ ಫೋನ್ ನಂಬರೂ ಇರಲಿಲ್ಲ. ಹನ್ನೊಂದರೊಳಗೆ ತಲುಪಬೇಕು, ಅಷ್ಟೆ.

ಮರುದಿನ ಅಂಗಡಿ ತೆರೆಯದೆ ಬಸ್ಸು ಹತ್ತಿದರು. ಮೂಡುಬಿದಿರೆಯವರೆಗೆ ತೊಂದರೆಯಾಗಲಿಲ್ಲ. ಶಿರ್ತಾಡಿಯ ಬಸ್ಸು ಮಾತ್ರ ಜನ ತುಂಬಲಿ ಎಂದು ನಿಂತೇ ಇತ್ತು. ದಾರಿ ಕೇಳುತ್ತ ಮನೆ ಮುಟ್ಟುವಾಗ ಹನ್ನೆರಡು ದಾಟಿತ್ತು.

ಅನಂತಮತಿಯಮ್ಮ ಜಗಲಿಯಲ್ಲಿ ಕೂತಿದ್ದರು. "ಅಯ್ಯೋ, ಹಾಜಬ್ಬರು! ಕೂತುಕೊಳ್ಳಿ. ನೀರು..." ಎಂದವರು ನೆನಪಾಗಿ ನಿಲ್ಲಿಸಿದರು. "ನಿಮ್ಮ ಮಸ್ತಕಿ ಭಾರೀ ಒಳ್ಳೆಯದು. ಉಂಡು ಒಂದು ಗಂಟೆ ಆಯ್ತು, ನೋವು ಬರಲೇ ಇಲ್ಲ!"

ಹಾಜಬ್ಬರು ಜಗಲಿಯ ಅಂಚಿಗೆ ಕೂತರು. ಸುಮ್ಮನೆ ಎದ್ದು ಹೋಗಬಹುದಿತ್ತು.

"ಅದು ಮಸ್ತಕಿ ಅಲ್ಲಮ್ಮ."

"ವಿಷವಾ?"

"ವಿಷ ಅಲ್ಲ. ಆದರೆ ನಿಮ್ಮ ಕಾಯಿಲೆಯ ಮದ್ದೂ ಅಲ್ಲ. ಉಳಿದದ್ದು ವಾಪಸು ಕೊಡಿ. ಅಸಲಿ ಬರ್ಲಿಕ್ಕೆ ಹದಿನೈದು ದಿನ ಉಂಟು."

ಅನಂತಮತಿಯಮ್ಮ ಒಳಗೆ ಹೋಗಿ ಪೊಟ್ಟಣ ತಂದರು. ಕೊಡುವಾಗ ಬೆರಳು ಬಿಡಲಿಲ್ಲ.

"ಮೂರು ತಿಂಗಳಲ್ಲಿ ಇವತ್ತೊಂದು ದಿನ ಸುಖವಾಗಿ ಉಂಡೆ. ಅದನ್ನು ಕೊಂಡುಹೋಗ್ಲಿಕ್ಕೆ ಇಷ್ಟು ದೂರ ಬಂದಿರಾ? ನಾಳೆ ನೋವು ಬಂದರೆ?"

ಹಾಜಬ್ಬರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ. ಪೊಟ್ಟಣ ಕೈಗೆ ಬಂತು. ಬಸ್ಸಿಗೆ ಇನ್ನೂ ಹೊತ್ತಿತ್ತು. ಇಬ್ಬರೂ ಜಗಲಿಯ ಆಚೆ ಒಬ್ಬರು, ಈಚೆ ಒಬ್ಬರು ಕೂತರು.

ಆ ದಿನ ನೋವು ಯಾಕೆ ಬರಲಿಲ್ಲವೋ, ಮರುದಿನ ಬಂತೋ ಇಲ್ಲವೋ, ನನಗೆ ತಿಳಿದಿಲ್ಲ.