ಹತ್ತು ಸೆಕೆಂಡು ಹಿಂದಿನಿಂದ

ತಂಗಿ ದಾರವನ್ನು ಹಲ್ಲಿನಿಂದ ಕಡಿದು, ಸೂಜಿಯನ್ನು ತನ್ನ ಎದೆಯ ಬಟ್ಟೆಗೆ ಚುಚ್ಚಿಕೊಂಡಳು. ಅಕ್ಕನ ಮೈಮೇಲಿದ್ದ ನೀಲಿ ಅಂಗಿ ಈ ಹೊಲಿಗೆಗೆ ಮೊದಲು ಎರಡೂ ಪಕ್ಕದಲ್ಲಿ ಮೂರು ಮೂರು ಬೆರಳಿನಷ್ಟು ಸಡಿಲವಾಗಿತ್ತು. ಕಾಯಿಲೆ ಅಷ್ಟು ತಿಂದುಹಾಕಿತ್ತು. ಮೇಲೆ ಹೊದಿಕೆ ಬರುತ್ತೆ, ಯಾರು ನೋಡ್ತಾರೆ ಎಂದು ಚಿತಾಗಾರದ ಮೇಲ್ವಿಚಾರಕ ಹೇಳಿದ್ದ. ಇಪ್ಪತ್ತೆಂಟು ವರ್ಷ ದರ್ಜಿ ಕೆಲಸ ಮಾಡಿದವಳು ಅದಕ್ಕೆ ಒಪ್ಪಲಿಲ್ಲ. ಊರವರ ಬಟ್ಟೆಯನ್ನೆಲ್ಲ ಮೈಗೆ ಕೂರಿಸಿದ ಕೈ, ಒಡಹುಟ್ಟಿದವಳನ್ನು ಜೋಲುವ ಅಂಗಿಯಲ್ಲಿ ಕಳಿಸುವುದುಂಟೆ?

"ಮುಗೀತಾ? ಜನ ಬಂದಾಯ್ತು," ಎಂದು ಗಂಡ ಬಾಗಿಲಲ್ಲಿ ತಲೆ ಹಾಕಿದ. ಬಸ್ಸು ಓಡಿಸುವವನು, ಎಲ್ಲದಕ್ಕೂ ಗಡಿಯಾರ ನೋಡುವ ಅಭ್ಯಾಸ. "ಹಾಲ್ ನಮಗಿರೋದು ಅರ್ಧ ಗಂಟೆ ಅಷ್ಟೇ. ಹನ್ನೊಂದೂವರೆಗೆ ಬೇರೆಯವರದ್ದಿದೆ."

"ಅವನು ಬಂದ್ನಾ?"

"ಯಾರು?"

"ಯಾರು ಅಂತ ನಿಮಗೇನು ಗೊತ್ತಿಲ್ವಾ? ಮುಂದಿನದು."

ಗಂಡ ಉಸಿರು ಬಿಟ್ಟ. "ಬಂದಿದಾರೆ. ಇಬ್ಬರು ಹೊರೋವಷ್ಟು ದೊಡ್ಡ ಹೂವಿನ ಚಕ್ರ ತಂದಿದಾರೆ. ನೋಡು, ನನ್ನ ಮಾತು ಕೇಳು. ಸತ್ತವಳ ಮುಂದೆ ರಂಪ ಬೇಡ. ಮರ್ಯಾದೆಯಿಂದ ಕಳಿಸಿಕೊಟ್ಟು ಮನೆಗೆ ಹೋಗೋಣ."

"ರಂಪ ನಾನು ಮಾಡಲ್ಲ ರೀ. ಅಕ್ಕನೇ ಮಾಡ್ತಾಳೆ. ನಂದು ಒಂದು ಗುಂಡಿ ಒತ್ತೋ ಕೆಲಸ ಅಷ್ಟೇ."

"ಮುಂದಿನದು" ಎಂಬುದು ಅಕ್ಕ ಹದಿನಾಲ್ಕು ವರ್ಷ ದುಡಿದ ಕಂಪನಿಯ ಮ್ಯಾನೇಜರಿಗೆ ಅಕ್ಕನೇ ಇಟ್ಟ ಹೆಸರು. ಯಾರು ಏನೇ ಹೇಳಲಿ, ಪೂರ್ತಿ ಕೇಳುವ ಮೊದಲೇ ಅವನು "ಸರಿ, ಮುಂದಿನದು" ಎನ್ನುತ್ತಿದ್ದ. ತಂಗಿಗೆ ಅವನ ನಿಜವಾದ ಹೆಸರು ನೆನಪಿಟ್ಟುಕೊಳ್ಳುವ ಮನಸ್ಸೂ ಇರಲಿಲ್ಲ.

ಅವಳು ಅಕ್ಕನ ಪೆಟ್ಟಿಗೆಯ ಹಿಂದೆಯೇ ಹಾಲಿಗೆ ಬಂದು ಮೊದಲು ನೋಡಿದ್ದು ಕೊನೆಯ ಸಾಲನ್ನು. ಗೋಡೆಗೆ ಒರಗಿದ ಕುರ್ಚಿಯಲ್ಲಿ, ಬಲಗೈಯನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಒಬ್ಬ ಕೂತಿದ್ದ. ಪ್ಯಾಕಿಂಗ್ ಕಾರ್ಖಾನೆಯ ಕೆಲಸಗಾರ. ನಿನ್ನೆ ಅವಳೇ ಫೋನ್ ಮಾಡಿದ್ದಳು. "ಅಕ್ಕ ತೀರಿಕೊಂಡ್ಲು. ಬೈಯ್ಯೋಕಾದ್ರೂ ಬನ್ನಿ," ಎಂದಿದ್ದಳು. ಅವನು ಬಂದಿದ್ದ.

* * *

ಅಕ್ಕನ ಕೆಲಸವನ್ನು ನಾಲ್ಕು ಮಾತಿನಲ್ಲಿ ಹೇಳಬಹುದು. ಕಾರ್ಖಾನೆ, ಆಸ್ಪತ್ರೆ, ಗೋದಾಮುಗಳಲ್ಲಿ ದುಡಿಯುವವರು ಕಂಪ್ಯೂಟರಿನಲ್ಲಿ ನೋಡಿ ಕಲಿಯುವ ತರಬೇತಿ ವಿಡಿಯೋಗಳನ್ನು ಆ ಕಂಪನಿ ಮಾಡುತ್ತಿತ್ತು. ಕಲಿಯುವವರು ಪೂರ್ತಿ ಒಂದು ಪಾಠ ಕೂತು ನೋಡಿದ್ದು ಕಡಿಮೆ. ನಡುವೆ ಯಾರೋ ಕೂಗುತ್ತಾರೆ, ಸೈರನ್ ಹೊಡೆಯುತ್ತದೆ, ಎದ್ದು ಹೋಗುತ್ತಾರೆ. ಮರಳಿ ಬಂದರೆ ವಿಡಿಯೋ ಮತ್ತೆ ನಮಸ್ಕಾರದಿಂದ ಶುರು. ಹದಿನೇಳು ಸಲ ಹೀಗೆ ನಮಸ್ಕಾರ ಹೇಳಿಸಿಕೊಂಡ ನರ್ಸೊಬ್ಬಳು ಕಂಪನಿಗೆ ಕಾಗದ ಬರೆದಳು. ಅದರಲ್ಲಿ ಇದ್ದದ್ದು ಒಂದೇ ಸಾಲು: "ನಿಮ್ಮ ನಮಸ್ಕಾರಕ್ಕೆ ದೊಡ್ಡ ನಮಸ್ಕಾರ."

ಆ ಕಾಗದ ಕೊನೆಗೆ ಅಕ್ಕನ ಮೇಜಿಗೆ ಬಂತು. ಅವಳು ಮೂರು ತಿಂಗಳು ಕೂತು ವಿಡಿಯೋಗೆ ನೆನಪು ಕೊಟ್ಟಳು. ಯಾರು ಎಲ್ಲಿದ್ದಾರೆಂದು ಐದೈದು ಸೆಕೆಂಡಿಗೊಮ್ಮೆ ಅದು ಬರೆದಿಟ್ಟುಕೊಳ್ಳುತ್ತಿತ್ತು. ಮರುದಿನ ಬೇರೆ ಕಂಪ್ಯೂಟರಿನಲ್ಲಿ ಬಂದು ಕೂತರೂ "ಬಿಟ್ಟಲ್ಲಿಂದ ಮುಂದುವರಿಸಲೇ?" ಎಂದು ಕೇಳುತ್ತಿತ್ತು. ಹೂಂ ಎಂದರೆ ಶುರುವಾಗುತ್ತಿದ್ದದ್ದು ಮಾತ್ರ ಬಿಟ್ಟಲ್ಲಿಂದಲ್ಲ, ಅದಕ್ಕೂ ಹತ್ತು ಸೆಕೆಂಡು ಹಿಂದಿನಿಂದ. ನಡುವೆ ಸುಮ್ಮನೆ ನಿಲ್ಲಿಸಿ ಮತ್ತೆ ಒತ್ತಿದರೂ ಅಷ್ಟೇ, ಹತ್ತು ಸೆಕೆಂಡು ಹಿಂದೆ.

"ಇದ್ಯಾಕೆ ಹೀಗೆ?" ಎಂದು ಆಫೀಸಿನವರು ಕೇಳಿದ್ದರಂತೆ.

"ನಮ್ಮಮ್ಮ ಕತೆ ಓದೋವಾಗ ಮಧ್ಯ ಎದ್ದು ಒಲೆ ನೋಡಿ ಬರ್ತಿದ್ರು. ವಾಪಸ್ ಬಂದು ಹಿಂದಿನ ಸಾಲು ಇನ್ನೊಂದು ಸಲ ಓದಿ ಆಮೇಲೆ ಮುಂದಕ್ಕೆ ಹೋಗ್ತಿದ್ರು. ಇಲ್ದಿದ್ರೆ ಕತೆ ನಮ್ಮ ಕೈಗೆ ಸಿಕ್ತಿರ್ಲಿಲ್ಲ."

ಅವತ್ತಿನಿಂದ ಆಫೀಸಿನಲ್ಲಿ ಅವಳು ಹತ್ತು ಸೆಕೆಂಡಮ್ಮ. ಅವಳು ಅದನ್ನು ಬಿರುದೆಂದೇ ತಿಳಿದಳು.

ಆಮೇಲೆ ಮ್ಯಾನೇಜರಾಗಿ ಬಂದವನು "ಮುಂದಿನದು". ತರಬೇತಿ ಬೇಗ ಮುಗಿಯುತ್ತಿಲ್ಲ ಎಂದು ಕಾರ್ಖಾನೆಗಳವರು ಗೊಣಗಿದ್ದೇ ತಡ, ಅವನಿಗೊಂದು ಬುದ್ಧಿ ಹೊಳೆಯಿತು. ಪಾಠವನ್ನು ಅರ್ಧ ನೋಡಿ ಎದ್ದವರಿಗೆ, ಮರಳಿ ಬಂದಾಗ ನೇರ ಮುಂದಿನ ಪಾಠ. ಅರ್ಧ ನೋಡಿದರೆ ಪೂರ್ತಿ ನೋಡಿದ ಹಾಗೆ. ಅಕ್ಕ ಬೇಡವೆಂದಳು, ಮೀಟಿಂಗಿನಲ್ಲಿ ಎಲ್ಲರೆದುರು ಬೇಡವೆಂದಳು. ಅವನು ಕೇಳಲಿಲ್ಲ. ಅಕ್ಕನ ಕೈಯಲ್ಲೇ ಅದನ್ನು ಮಾಡಿಸಿದ.

ಐದನೇ ವಾರ, ಪ್ಯಾಕಿಂಗ್ ಕಾರ್ಖಾನೆಗೆ ಹೊಸದಾಗಿ ಸೇರಿದವನೊಬ್ಬ ಯಂತ್ರದ ಏಳನೇ ಪಾಠ ನೋಡುತ್ತಿದ್ದಾಗ ಸೈರನ್ ಹೊಡೆಯಿತು. ಮರುದಿನ ಬಂದು ಕೂತರೆ ಎಂಟನೇ ಪಾಠ. ಯಂತ್ರಕ್ಕೆ ಕೈ ಹಾಕುವ ಮೊದಲು ಕರೆಂಟು ತೆಗೆದು, ಬೀಗ ಜಡಿದು, ಬೀಗದ ಕೈಯನ್ನು ನಿನ್ನ ಜೇಬಿನಲ್ಲೇ ಇಟ್ಟುಕೋ ಎಂಬ ಮಾತು ಏಳನೇ ಪಾಠದ ಕೊನೆಯಲ್ಲಿತ್ತು. ಅದನ್ನು ಅವನು ಕೇಳಲೇ ಇಲ್ಲ. ಸಿಕ್ಕಿಕೊಂಡ ರಟ್ಟನ್ನು ತೆಗೆಯಲು ಕೈ ಹಾಕಿದ. ಆ ಕಡೆ ಇನ್ನೊಬ್ಬ ಸ್ವಿಚ್ ಹಾಕಿದ. ಬಲಗೈಯ ಮೂರು ಬೆರಳು ಹೋದವು.

ವಿಚಾರಣೆಯಲ್ಲಿ ಮ್ಯಾನೇಜರ್ ಗಂಟಲು ಸರಿಮಾಡಿಕೊಂಡು, ಅದು ಪ್ರೋಗ್ರಾಮ್ ಬರೆದವರ ತಪ್ಪು, ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ ಎಂದ. ಮೀಟಿಂಗನ್ನು ವಿಡಿಯೋ ಮಾಡಿದ್ದರಲ್ಲವೇ ಎಂದು ಅಕ್ಕ ಕೇಳಿದಳು. ಅಂಥದ್ದೇನೂ ಇಲ್ಲ ಎಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು, ಅಕ್ಕನನ್ನು ಕೆಲಸದಿಂದ ತೆಗೆದರು. ಅಪಘಾತವಾದ ವಾರದಲ್ಲೇ ಹತ್ತು ಸೆಕೆಂಡು ಸದ್ದಿಲ್ಲದೆ ಕೆಲಸಕ್ಕೆ ವಾಪಸಾಯಿತು. ಹತ್ತು ಸೆಕೆಂಡಮ್ಮ ಮಾತ್ರ ಆಗಲಿಲ್ಲ.

ಬೆರಳು ಕಳೆದುಕೊಂಡವನು ಒಂದು ಮಧ್ಯಾಹ್ನ ವಿಳಾಸ ಹುಡುಕಿಕೊಂಡು ಬಂದು, ಅಕ್ಕ ಬಾಗಿಲು ತೆರೆದೊಡನೆ ಹೊಸಿಲ ಮೇಲೆ ಉಗಿದು ಹೋದ. ಅಕ್ಕ ಅವನಿಗೆ ತಿರುಗಿ ಒಂದು ಮಾತನ್ನೂ ಆಡಲಿಲ್ಲ.

* * *

ಮ್ಯಾನೇಜರ್ ಮೊದಲ ಸಾಲಿನಿಂದ ಎದ್ದು ಅವಳ ಬಳಿ ಬಂದ. ಅವನ ಹಿಂದೆ ದಪ್ಪ ಕನ್ನಡಕದ ಒಬ್ಬ ಬಂದ. ಅಕ್ಕನ ಪಕ್ಕದ ಮೇಜಿನಲ್ಲಿ ಎಂಟು ವರ್ಷ ಕೂತಿದ್ದವನು, ವಿಚಾರಣೆಯ ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದವನು.

"ಧೈರ್ಯ ತಗೊಳ್ಳಿ ಅಮ್ಮ," ಎಂದ ಮ್ಯಾನೇಜರ್. "ನಾನು ಎರಡು ಮಾತಾಡಬಹುದಾ?"

"ನಿಮ್ಮ ಮಾತಿಗೆ ಅಂತಲೇ ಕಾಯ್ತಿದ್ದೆ ಸಾರ್."

ಹಾಲಿನ ಪರದೆಯ ಮೇಲೆ ಅಕ್ಕನ ಫೋಟೋಗಳು ಒಂದೊಂದಾಗಿ ಬರುತ್ತಿದ್ದವು. ಅದಕ್ಕೆ ಜೋಡಿಸಿದ್ದು ಅಕ್ಕನದೇ ಹಳೆಯ ಲ್ಯಾಪ್‌ಟಾಪ್. ತಂಗಿ ಹೋಗಿ ಅದರ ಪಕ್ಕದ ಸ್ಟೂಲಿನ ಮೇಲೆ ಕೂತಳು. ಕೈ ಬೆವರುತ್ತಿತ್ತು. ನೆಟ್ ಕೈಕೊಟ್ಟರೆ? ಅವನು ಭಾಷಣ ಮುಗಿಸಿ ಹೊರಟೇಬಿಟ್ಟರೆ? ಇನ್ನು ಹನ್ನೆರಡು ನಿಮಿಷಕ್ಕೆ ಅಕ್ಕ ಬೂದಿ. ಕೊನೆಯ ಸಾಲಿನಲ್ಲಿ ಕೂತವನು ಅವಳೇ ತನ್ನ ಕೈ ತಿಂದವಳು ಎಂದುಕೊಂಡೇ ಎದ್ದು ಹೋಗುತ್ತಾನೆ.

* * *

ಎರಡು ವಾರದ ಹಿಂದೆ ಅಕ್ಕ ಆಸ್ಪತ್ರೆಯ ಮಂಚದಲ್ಲಿ ದಿಂಬಿಗೆ ಒರಗಿ ಇದೇ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ನಗು ಇತ್ತು. ಒಳ್ಳೆಯ ನಗುವಲ್ಲ.

"ಬಾ ಇಲ್ಲಿ. ಒಂದನೇ ನಂಬರಿನ ವಿದ್ಯಾರ್ಥಿ ಇನ್ನೂ ಬದುಕಿದಾನೆ."

"ಯಾರದು?"

"ಸುಳ್ಳು ವಿದ್ಯಾರ್ಥಿ. ವಿಡಿಯೋ ಸರಿಯಾಗಿ ಓಡುತ್ತಾ ಅಂತ ನೋಡೋಕೆ ನಾನೇ ಮಾಡಿಟ್ಟಿದ್ದೆ. ನನ್ನ ಹೆಸರು ಅಳಿಸಿದ್ರು, ಇವನನ್ನ ಮರೆತ್ರು. ಪಾಸ್‌ವರ್ಡೂ ಅದೇ ಇದೆ." ಪರದೆಯಲ್ಲಿದ್ದ ಒಂದು ಚಿತ್ರವನ್ನು ತೋರಿಸಿದಳು. ಉದ್ದನೆಯ ಮೇಜು, ಸುತ್ತ ಜನ. "ಆ ಮೀಟಿಂಗು. ಬರದೇ ಇದ್ದೋರು ನೋಡ್ಲಿ ಅಂತ ಆವತ್ತೇ ಹಾಕಿದ್ರು. ಇವನ ಲೆಕ್ಕದಲ್ಲಿ ನಾನು ಅರ್ಧ ನೋಡಿ ಬಿಟ್ಟಿದ್ದೆ. ಆಮೇಲೆ ಅವರು ಪಟ್ಟಿಯಿಂದ ತೆಗೆದಿದಾರೆ. ಬಾಗಿಲ ಮೇಲಿನ ಹೆಸರು ಕಿತ್ತಿದಾರೆ ಅಷ್ಟೇ, ಮನೆ ಹಾಗೇ ಇದೆ. ಅರ್ಧ ನೋಡಿದೋನಿಗೆ ಬಾಗಿಲು ತೆರೆದೇ ಇರುತ್ತೆ."

ತಂಗಿ ಪೂರ್ತಿ ನೋಡಿದಳು. "ಈಗಲೇ ಪೊಲೀಸರಿಗೆ ಕೊಡೋಣ ಅಕ್ಕ."

"ಆಮೇಲೆ ಕೊಡು. ಒಂದು ಪ್ರತಿ ಇಳಿಸಿ ಇಟ್ಟಿದೀನಿ, ಅದು ಬೆರಳು ಹೋದ ಆ ಹುಡುಗನ ಲಾಯರಿಗೆ. ಆದ್ರೆ ಅವರು ಎರಡು ವರ್ಷ ಎಳೀತಾರೆ. ನನಗಿರೋದು ಎರಡು ವಾರ." ಅಕ್ಕ ಉಸಿರು ಹಿಡಿದುಕೊಂಡು ಮತ್ತೆ ಶುರುಮಾಡಿದಳು. "ನನಗೆ ಅವನ ಮುಖ ಬೇಕು ಕಣೇ. ಜನ ಸೇರಿರ್ಬೇಕು, ಅವನು ಎದುರಿಗಿರ್ಬೇಕು. ನನ್ನ ಸಾವಿಗೆ ಅವನು ತಪ್ಪದೇ ಬರ್ತಾನೆ. ಭಾಷಣ ಅಂದ್ರೆ ಅವನಿಗೆ ಪ್ರಾಣ."

"ಇಷ್ಟು ದ್ವೇಷ ಇಟ್ಕೊಂಡಿದ್ಯಾ? ನಾನು ನಿನ್ನ ಸಾಧು ಅಂದ್ಕೊಂಡಿದ್ದೆ."

"ಸಾಧು ಅಂದ್ಕೊಂಡೇ ಎಲ್ಲರೂ ತುಳಿದಿದ್ದು," ಎಂದಳು ಅಕ್ಕ. ವಿಡಿಯೋವನ್ನು ಮುಂದಕ್ಕೂ ಹಿಂದಕ್ಕೂ ಆಡಿಸಿ, ಅವಳಿಗೆ ಬೇಕಾದ ಮಾತು ಮುಗಿಯುವ ಕಡೆ ತಂದು ನಿಲ್ಲಿಸಿದಳು. "ಇಲ್ಲಿ ಬಿಟ್ಟಿದೀನಿ. ಹತ್ತು ಸೆಕೆಂಡು ಹಿಂದಿನಿಂದ ಅದೇ ಶುರುವಾಗುತ್ತೆ. ನೀನು ಈ ಉದ್ದ ಗುಂಡಿ ಒತ್ತು, ಸಾಕು."

* * *

"ಕೆಲಸವೇ ಅವರ ಉಸಿರಾಗಿತ್ತು," ಎನ್ನುತ್ತಿದ್ದ ಮ್ಯಾನೇಜರ್. ದನಿಯಲ್ಲಿ ಬೆಣ್ಣೆ. "ಒಂದು ತಪ್ಪಾಯ್ತು, ನಿಜ. ಯಾರಿಂದ ಆಗಲ್ಲ ಹೇಳಿ? ಅದರಿಂದ ಒಬ್ಬ ಬಡಪಾಯಿಯ ಕೈಗೆ ಪೆಟ್ಟಾಯ್ತು, ಅದೂ ನಿಜ. ಆದ್ರೆ ಇವತ್ತು ಅವರ ಮುಂದೆ ನಿಂತು ಮನಸಾರೆ ಹೇಳ್ತೀನಿ. ನಾವು ಅವರನ್ನ ಕ್ಷಮಿಸಿದ್ದೀವಿ."

ಕ್ಷಮಿಸಿದ್ದಾನಂತೆ! ತಂಗಿಯ ಕೈಯ ಬೆವರು ಆರಿತು.

"ಸಾರ್," ಎಂದು ಎದ್ದು ನಿಂತಳು. "ಅಕ್ಕ ಒಂದು ವಿಡಿಯೋನ ಅರ್ಧಕ್ಕೆ ಬಿಟ್ಟಿದಾಳೆ. ನೀವೂ ಇದ್ದೀರಿ ಅದರಲ್ಲಿ. ಕೂತ್ಕೊಂಡು ನೋಡಿ."

"ಓಹೋ, ಖಂಡಿತ," ಎಂದು ಅವನು ಮೊದಲ ಸಾಲಿನಲ್ಲಿ ಕಾಲಮೇಲೆ ಕಾಲು ಹಾಕಿ ಕೂತ.

ಫೋಟೋಗಳು ಮರೆಯಾದವು. ಬಿಳಿಯ ಪರದೆಯ ಮೇಲೆ ಒಂದೇ ಪ್ರಶ್ನೆ ಮೂಡಿತು: "ಬಿಟ್ಟಲ್ಲಿಂದ ಮುಂದುವರಿಸಲೇ?" ಅದು ಯಾವ ವಿಡಿಯೋ ಎಂದು ಕನ್ನಡಕದವನಿಗೆ ಗೊತ್ತಾಗಿ ಹೋಯಿತು. ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡ.

ತಂಗಿ ಒತ್ತಿದಳು.

ಉದ್ದನೆಯ ಮೇಜು. ಮೂಲೆಯಲ್ಲಿ ಅಕ್ಕ, ಇದೇ ನೀಲಿ ಅಂಗಿ, ಮೈತುಂಬ. "ಏಳನೇ ಪಾಠದ ಕೊನೇಲಿ ಬೀಗದ ವಿಷಯ ಇದೆ ಸಾರ್. ಅದು ತಪ್ಪಿದ್ರೆ ಯಾರದಾದ್ರೂ ಕೈ ಹೋಗುತ್ತೆ." ಮೇಜಿನ ತುದಿಯಲ್ಲಿ ಮ್ಯಾನೇಜರ್, ನಗುತ್ತ: "ನಾನು ಹೇಳ್ತಿದೀನಲ್ಲ, ಹಾಕ್ರೀ. ಏನಾದ್ರೂ ಆದ್ರೆ ಜವಾಬ್ದಾರಿ ನಂದು. ಮುಂದಿನದು."

ತಂಗಿ ನಿಲ್ಲಿಸಿದಳು. ಮತ್ತೆ ಒತ್ತಿದಳು. ವಿಡಿಯೋ ಹತ್ತು ಸೆಕೆಂಡು ಹಿಂದಕ್ಕೆ ಹೋಯಿತು. ಯಾರದಾದ್ರೂ ಕೈ ಹೋಗುತ್ತೆ. ಜವಾಬ್ದಾರಿ ನಂದು. ಮುಂದಿನದು. ನಿಲ್ಲಿಸಿದಳು. ಒತ್ತಿದಳು. ಮತ್ತೆ ನಿಲ್ಲಿಸಿದಳು.

"ಇದೇನಿದು!" ಮ್ಯಾನೇಜರ್ ಎದ್ದ. "ಹಿಂದೆ ಮುಂದೆ ಏನೂ ಇಲ್ದೆ ಒಂದು ತುಂಡು ತೋರಿಸಿದ್ರೆ..."

"ಹಿಂದಿನದು ಬೇಕಾ ಸಾರ್? ಬೇಕಾದಷ್ಟು ಹಿಂದಕ್ಕೆ ಹೋಗುತ್ತೆ. ಅಕ್ಕ ಮಾಡಿದ್ದೇ ಹಾಗೆ."

ಅವನು ಕನ್ನಡಕದವನ ಕಡೆ ತಿರುಗಿ ಸಿಡಿದ. "ಅಳಿಸು ಅಂತ ಆವತ್ತೇ ಹೇಳಿರ್ಲಿಲ್ವೇನ್ರೀ ನಿಮಗೆ!"

ಹಾಲಿನಲ್ಲಿದ್ದ ನಲವತ್ತು ಜನರಿಗೂ ಅದು ಕೇಳಿಸಿತು. ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಅವನು ಹೆಗಲು ಮುಟ್ಟಿಕೊಂಡಿದ್ದ.

"ಹೇಳಿದ್ರಿ ಸಾರ್," ಎಂದ ಕನ್ನಡಕದವನು, ನೆಲ ನೋಡುತ್ತ. "ನನಗೆ ಅಳಿಸೋಕೆ ಮನಸ್ಸಾಗ್ಲಿಲ್ಲ. ಪಟ್ಟಿಯಿಂದ ಮಾತ್ರ ತೆಗೆದೆ."

"ಈಗ ಬಂತಾ ಬಾಯಿ?" ಎಂದಳು ತಂಗಿ. "ಇವಳು ಕಣ್ಣು ಮುಚ್ಚೋ ತನಕ ಕಾದ್ರಾ?" ಅವನನ್ನು ಅವಳು ಕ್ಷಮಿಸಲಿಲ್ಲ, ಮುಂದೆಯೂ ಕ್ಷಮಿಸುವವಳಲ್ಲ.

ಮ್ಯಾನೇಜರ್ ಸರಸರನೆ ಬಾಗಿಲಿಗೆ ನಡೆದ. ಬಾಗಿಲಿಗೆ ಅಡ್ಡವಾಗಿ ತಂಗಿಯ ಗಂಡ ನಿಂತಿದ್ದ, ರಂಪ ಬೇಡ ಎಂದವನೇ. ಗಡಿಯಾರ ನೋಡಿಕೊಂಡು, "ಕೂತ್ಕೊಳ್ಳಿ ಸಾರ್," ಎಂದ. "ನಿಮ್ಮ ಸ್ಟಾಪ್ ಬರೋಕೆ ಇನ್ನೂ ಆರು ನಿಮಿಷ ಇದೆ."

ಅಷ್ಟರಲ್ಲಿ ಕೊನೆಯ ಸಾಲಿನವನು ಕುರ್ಚಿಗಳ ನಡುವೆ ನಿಧಾನವಾಗಿ ನಡೆದು ಮುಂದೆ ಬಂದಿದ್ದ. ಮ್ಯಾನೇಜರನ ಕಡೆ ನೋಡಲಿಲ್ಲ. ಅಕ್ಕನ ಪೆಟ್ಟಿಗೆಯ ಹತ್ತಿರ ನಿಂತು, ಹೊದಿಕೆಯಂಚಿನಲ್ಲಿ ಕಾಣುತ್ತಿದ್ದ ನೀಲಿ ಅಂಗಿಯನ್ನೇ ನೋಡಿದ.

"ನಾನು ಇವರ ಮನೆಗೆ ಬಂದು ಉಗಿದಿದ್ದೆ," ಎಂದ.

"ಗೊತ್ತು. ಒರೆಸಿದ್ದು ನಾನೇ."

"ಇವರು ಯಾಕೆ ಒಂದು ಮಾತೂ ಹೇಳ್ಲಿಲ್ಲ?"

"ನೀವು ನಂಬ್ತಿದ್ರಾ?"

ಅವನು ಲ್ಯಾಪ್‌ಟಾಪಿನ ಕಡೆ ನಡೆದ. ತಂಗಿ ಸ್ಟೂಲು ಬಿಟ್ಟು ಪಕ್ಕಕ್ಕೆ ಸರಿದಳು.

ಅವನು ಕೂತು, ಜೇಬಿನಿಂದ ಬಲಗೈ ತೆಗೆದ. ಹೆಬ್ಬೆರಳು, ಕಿರುಬೆರಳು, ನಡುವೆ ಹೊಲಿಗೆಯ ಗುರುತು. ದರ್ಜಿಯ ಕಣ್ಣು ತಾನಾಗಿಯೇ ಆ ಹೊಲಿಗೆಗಳನ್ನು ಎಣಿಸಿತು. ಅವನು ಹೆಬ್ಬೆರಳನ್ನು ಉದ್ದ ಗುಂಡಿಯ ಮೇಲಿಟ್ಟು, ಬಾಗಿಲ ಬಳಿ ಸಿಕ್ಕಿಕೊಂಡು ನಿಂತವನನ್ನು ನೋಡುತ್ತಲೇ ಒತ್ತಿದ. ಪರದೆಯಲ್ಲಿ ಅಕ್ಕ ಏಳನೇ ಪಾಠದ ಮಾತು ತೆಗೆದಳು, ಮೇಜಿನ ತುದಿಯಲ್ಲಿ ಮ್ಯಾನೇಜರ್ ನಗುತ್ತ ಬಾಯಿ ತೆರೆದ. ಮಾತು ಮುಗಿಯಿತು. ಹೆಬ್ಬೆರಳು ಮತ್ತೆ ಎದ್ದಿತು, ಮತ್ತೆ ಇಳಿಯಿತು.