ಮುಳುಗುವ ವಿದ್ಯೆಯ ಎರಡನೆಯ ಕಾರ್ಡು

ಲಾತೂರಿಗೆ ರೈಲಿನಲ್ಲಿ ನೀರು ತಂದ ಆ ಬೇಸಿಗೆಯಲ್ಲಿ, ಬೀದರಿನ ಮೈಲೂರ ಬಡಾವಣೆಯ ಒಂದು ಬಾಡಿಗೆ ಮನೆಯಲ್ಲಿ ಅತ್ಯಂತ ಗಂಭೀರವಾದ ಪ್ರಶ್ನೆಯೊಂದು ಇತ್ಯರ್ಥಕ್ಕೆ ಕಾದು ಕೂತಿತ್ತು: ಮಚ್ಛೇಂದ್ರ ಮಾಸ್ತರರು ಸ್ಕೂಬಾ ಡೈವಿಂಗಿನ ಅಡ್ವಾನ್ಸ್ ಕೋರ್ಸು ಮಾಡಬೇಕೋ, ಬೇಡವೋ?

ಔರಾದ ತಾಲೂಕಿನ ಡಾಬಕಾದಲ್ಲಿ ಗಣಿತ ಕಲಿಸುವ ಮಾಸ್ತರರು ಹಿಂದಿನ ವರ್ಷ ಮುರ್ಡೇಶ್ವರಕ್ಕೆ ಹೋದಾಗ ದೇವರ ದರ್ಶನದ ಜೊತೆಗೆ ಮೊದಲ ಹಂತದ ಕಾರ್ಡನ್ನೂ ಪಡೆದು ಬಂದಿದ್ದರು. ಅರವತ್ತು ಅಡಿ ಮುಳುಗಲು ಅದರಲ್ಲಿ ಪರವಾನಗಿ. ಅಡ್ವಾನ್ಸ್ ಆದರೆ ನೂರು ಅಡಿ. ಮೇಲಾಗಿ ನೀರಿನಡಿ ದಿಕ್ಕು ಹಿಡಿಯುವುದು, ಕಳೆದ ವಸ್ತು ಹುಡುಕಿ ಹಗ್ಗ ಕಟ್ಟಿ ಎತ್ತುವುದು ಎಲ್ಲ ಕಲಿಸುತ್ತಾರೆ.

"ವರ್ಷಕ್ಕೊಮ್ಮಿ ಮುಳುಗೋರಿಗಿ ಇಷ್ಟೆಲ್ಲಾ ಯಾಕ್ರಿ?" ಎಂದಳು ಹೆಂಡತಿ ಕೌಸಲ್ಯಾಬಾಯಿ. "ಇಲ್ಲಿ ಕೊಡ ಮುಳುಗ್ಲಿಕ್ಕ ನೀರಿಲ್ಲ."

"ಕಲ್ತದ್ದು ಎಲ್ಲಿಗೂ ಹೋಗಲ್ಲ."

"ನಳ ಬಂದಾಗ ಹೇಳ್ತೇನಿ. ಬಕೆಟ್‌ನಾಗ ಮುಳುಗ್ರಿ."

ವಾದ ಇಲ್ಲಿಗೆ ಮುಟ್ಟಿದಾಗ ಭಾತಂಬ್ರಾದಿಂದ ತಂಗಿ ಶಾಲುಬಾಯಿಯ ಫೋನು ಬಂತು. ಊರಲ್ಲಿ ನೀರುಳಿದಿದ್ದ ಒಂದೇ ಬಾವಿಯ ಪಂಪು ಹಗ್ಗ ಹರಿದು ತಳ ಸೇರಿತ್ತು. ಕೈಯಿಂದ ಸೇದಿದ್ದು ಮನುಷ್ಯರ ಬಾಯಿಗೇ ಸಾಲದು. ದನಗಳ ತೊಟ್ಟಿ ತುಂಬಲು ಪಂಪೇ ಬೇಕು. ಅದನ್ನೆತ್ತಲು ಕೊಕ್ಕೆಗಳ ಪಾತಾಳಗರಡಿ ಇಳಿಬಿಟ್ಟರೆ ಅದೂ ಕಲ್ಲಿಗೆ ಸಿಕ್ಕಿ ಅಲ್ಲೇ ಉಳಿಯಿತು. ಶಾಲುಬಾಯಿ ಬದುಕಿದ್ದು ಎರಡು ಎಮ್ಮೆಗಳ ಹಾಲಿನ ಮೇಲೆ.

"ನಾಳಿ ಮುಂಜಾನಿ ದನದ ದಲಾಲ ಅಮೀರ ಪಾಶಾ ಟೆಂಪೋ ತರ್ತಾನ, ದಾದಾ. ಇವತ್ತು ಪಂಪು ಎದ್ರ ಎಮ್ಮಿ ಉಳೀತಾವ, ಇಲ್ಲಂದ್ರ ಮಾರೋದೇ. ಈಜೋ ಗಂಡಸ್ರು ಎಲ್ಲಾರೂ ಹೈದರಾಬಾದಿಗಿ ದುಡೀಲಿಕ್ಕ ಹೋಗ್ಯಾರ. ನಿನ್ನ ಬಲ್ಲಿ ನೀರಾಗ ಇಳಿಯೋ ಲೈಸನ್ಸ್ ಅದ ಅಲ್ಲಾ?"

ಭಾಲ್ಕಿಯಲ್ಲಿ ಬಸ್ಸು ಬದಲಿಸಿ ಮಾಸ್ತರರು ಮಧ್ಯಾಹ್ನಕ್ಕೆ ಬಾವಿಕಟ್ಟೆ ಮುಟ್ಟಿದರು. ಉಳಿದಿದ್ದ ಊರೆಲ್ಲ, ಅಂದರೆ ಹೆಂಗಸರು ಮತ್ತು ನಾಲ್ಕು ಮಂದಿ ಮುದುಕರು, ಅಲ್ಲಿ ನೆರೆದಿತ್ತು. ಪಂಪು ನೋಡಿಕೊಳ್ಳುವ ಮುದುಕ ಹಾವಗೆಪ್ಪ ವಿಚಾರಣೆಗೆ ನಿಂತ.

"ನಿಮ್ಮ ಕಾರ್ಡಿನಾಗ ಎಷ್ಟು ಅಡಿ ಅದರಿ, ಮಾಸ್ತರ್ರ?"

"ಅರವತ್ತು."

"ಇಲ್ಲಿ ನೀರು ಹನ್ನೆರಡೇ ಅದರಿ. ಇನ್ನೂ ನಲವತ್ತೆಂಟು ನಿಮ್ಮ ಬಲ್ಲೇ ಉಳೀತದ."

"ಸಿಲಿಂಡರ್ ಇಲ್ಲಲ್ರಿ. ವಸ್ತು ಎತ್ತೋದು ಅಡ್ವಾನ್ಸ್‌ನಾಗ ಬರ್ತದ, ನಾ ಅದು ಮಾಡಿಲ್ಲ."

ಪಂಕ್ಚರ್ ಅಂಗಡಿಯ ಮುದುಕ ಲಾಲ ಅಹ್ಮದ ಕಂಪ್ರೆಸರಿನ ಪೈಪು ಮುಂದೆ ಚಾಚಿದ. "ಗಾಳಿ ನಂದು ತಗೋರಿ ಸರ್, ಸರ್ಟಿಫಿಕೇಟ್ ನಿಮ್ದಿರ್ಲಿ."

ಪೈಪಿನ ಎಣ್ಣೆವಾಸನೆ ಮೂಗಿಗೆ ಬಡಿದು ಮಾಸ್ತರರು ಬೇಡವೆಂದರು. ಉಸಿರು ಎಂದೂ ಕಟ್ಟಬೇಡ ಎಂಬುದು ಕೋರ್ಸಿನ ಮೊದಲ ಪಾಠ. ಉಸಿರು ಕಟ್ಟದೆ ಈ ಬಾವಿಗಿಳಿಯುವ ದಾರಿಯೇ ಇರಲಿಲ್ಲ. ಶಾಲುಬಾಯಿ ಅಣ್ಣನ ಅಂಗಿ ಬಿಚ್ಚಿಸಿ ಮಡಚಿ ಹಿಡಿದು ನಿಂತಳು. ಅದಾದ ಮೇಲೆ ಬೇರೆ ನೆಪ ಹುಡುಕುವುದು ಕಷ್ಟವಾಯಿತು.

"ಪಂಪಿನ ತಲಿಮ್ಯಾಲ ಕಬ್ಬಿಣದ ಬಳಿ ಅದ. ಅದರಾಗ ಹಗ್ಗ ಹಾಯ್ಸಿ ಹಿಂಗ ಬಿಗೀರಿ," ಎಂದು ಹಾವಗೆಪ್ಪ ಗಂಟು ತೋರಿಸಿದ. ದಂಡೆಯ ಮೇಲೆ ಕೂತು ಮಾಸ್ತರರು ಮೂರು ಸಲ ತಪ್ಪಿಲ್ಲದೆ ಕಟ್ಟಿದರು. ಓದಿದವರ ಕೈಯೇ ಬೇರೆ ಎಂದು ಒಬ್ಬಳು ಮೆಚ್ಚಿದಳು.

ಸಮುದ್ರದಲ್ಲಿ ಮೀನಿನ ಬಣ್ಣ ಕಂಡಿತ್ತು. ಇಲ್ಲಿ ಮುಳುಗಿದರೆ ತಮ್ಮ ಕೈಯೇ ಕಾಣಲಿಲ್ಲ. ಮೊದಲ ಸಲ ಕಲ್ಲು ಸಿಕ್ಕಿತು. ಎರಡನೆಯ, ಮೂರನೆಯ ಸಲ ರಾಡಿ. ನಾಲ್ಕನೆಯ ಸಲ, ಎದೆ ಒಡೆಯುವಂತಾದಾಗ, ತಣ್ಣಗಿನ ದುಂಡನೆಯದೊಂದು ಕೈಗೆ ತಗಲಿತು; ಅದರ ಮೇಲೆ ಬಳೆಯಂಥದೇನೋ. ಹಗ್ಗ ಹಾಯಿಸಿ ಬಿಗಿದು, ಮೇಲೆದ್ದು, ಬಾವಿಯ ಮೆಟ್ಟಿಲನ್ನು ತಬ್ಬಿಕೊಂಡು "ಜಗ್ರಿ!" ಎಂದು ಕಿರುಚಿದರು.

ಹೆಂಗಸರು ಜಗ್ಗಿದರು. ಪಂಪು ನೀರು ಬಿಟ್ಟು ಎದ್ದಿತು, ಅರ್ಧ ಗೋಡೆ ಏರಿತು. ಹಾವಗೆಪ್ಪ ಬಗ್ಗಿ ನೋಡಿದ. ಹಗ್ಗ ಬಿಗಿದಿದ್ದು ಕಬ್ಬಿಣದ ಬಳೆಗಲ್ಲ, ಪಂಪಿಗೆ ಸುತ್ತಿಕೊಂಡಿದ್ದ ಕರೆಂಟಿನ ವೈರಿಗೆ.

"ನಿಲ್ರಿ, ಜಗ್ಗಬ್ಯಾಡ್ರಿ!"

ವೈರು ಹರಿಯಿತು. ಪಂಪು ಮೊದಲು ಕಲ್ಲಿಗೆ ಬಡಿಯಿತು, ಆಮೇಲೆ ನೀರಿಗೆ ಬಿತ್ತು.

"ಇನ್ನೊಮ್ಮಿ ಇಳೀತೇನಿ," ಎಂದರು ಮಾಸ್ತರರು, ಹಲ್ಲು ಕಟಕಟ ಬಡಿಯುತ್ತ. "ಒಂದೇ ಸಲ, ಶಾಲೂ."

"ಎರಡು ತುಂಡಾತ್ರಿ," ಎಂದ ಹಾವಗೆಪ್ಪ. "ಯಾವ ತುಂಡು ತರ್ತೀರಿ?"

"ಮ್ಯಾಲ ಬಾ, ದಾದಾ," ಎಂದಳು ಶಾಲುಬಾಯಿ.

ಮರುದಿನ ಮುಂಜಾನೆ ಅಮೀರ ಪಾಶಾ ಎರಡೂ ಎಮ್ಮೆಗಳನ್ನು ಟೆಂಪೋಕ್ಕೆ ಹತ್ತಿಸಿದ. ಶಾಲುಬಾಯಿ ಮಧ್ಯಾಹ್ನದ ಬಸ್ಸಿಗೆ ಹೈದರಾಬಾದಿಗೆ ಹೋದಳು.