ಇಬ್ಬರ ಮನೆಯಲ್ಲಿ ಬಸ್ಸಿನ ದಿನ

ಕಾಪುವಿನ ಗ್ಲ್ಯಾಡಿಸ್ ಮನೆಯಲ್ಲಿ ಒಳ್ಳೆಯದೆಲ್ಲ ಒಂದೇ ತಿಂಗಳಿಗೆ ಮೀಸಲು. ಅದು ಗಂಡ ಅಲೆಕ್ಸಾಂಡರ್ ಕುವೈಟಿನಿಂದ ರಜೆಗೆ ಬರುವ ತಿಂಗಳು. ಕಪಾಟಿನ ಮೇಲಿನ ಕೇರಂ ಬೋರ್ಡು ಕೆಳಗಿಳಿಯುವುದು ಆಗ. ಹೂವಿನ ಚಿತ್ರದ ಪ್ಲೇಟುಗಳು ಶೋಕೇಸಿನಿಂದ ಹೊರಬರುವುದು ಆಗ. ಮಲ್ಪೆ ಬೀಚು, ಐಸ್‌ಕ್ರೀಮು, ತಮಾಷೆ ಎಲ್ಲವೂ ಆಗಲೇ. ಉಳಿದ ಹನ್ನೊಂದು ತಿಂಗಳು ಮಗಳು ಏನು ಕೇಳಿದರೂ "ಪಪ್ಪ ಬರಲಿ" ಎಂಬ ಒಂದೇ ಉತ್ತರ. ಗ್ಲ್ಯಾಡಿಸ್ ಒಬ್ಬಳದೇ ತಪ್ಪು ಅನ್ನುವಂತಿಲ್ಲ. ಗಲ್ಫಿಗೆ ಜನ ಕಳಿಸಿದ ನಮ್ಮ ಎಷ್ಟೋ ಮನೆಗಳು ಹೀಗೇ ನಡೆಯುತ್ತವೆ.

ಮಗಳು ಟೀನಾಳಿಗೆ ಹನ್ನೊಂದು ವರ್ಷ. ಶಾಲೆಯಿಂದ ಬಂದವಳು ತಿಂಡಿ ತಟ್ಟೆ ಹಿಡಿದು ಕೋಣೆ ಸೇರಿದರೆ ಮತ್ತೆ ಕಾಣುವುದು ಊಟಕ್ಕೆ. ಅವಳ ಕೈಯಲ್ಲಿ ಟ್ಯಾಬ್, ಅಡುಗೆಮನೆಯಲ್ಲಿ ತಾಯಿಯ ಕೈಯಲ್ಲಿ ಫೋನು. ನಡುವಿನ ಹಾಲ್ ಮಾತ್ರ ಗುಡಿಸಿ ಒರೆಸಿ ಚೊಕ್ಕವಾಗಿ ಖಾಲಿ ಇರುತ್ತಿತ್ತು.

ಒಂದು ದಿನ ಊಟದ ಹೊತ್ತಿಗೆ ಟೀನಾ ತಲೆ ಎತ್ತದೆ ಹೇಳಿದಳು, "ಮಮ್ಮಿ, ಮುಂದಿನ ವರ್ಷ ನನ್ನನ್ನು ಹಾಸ್ಟೆಲಿಗೆ ಹಾಕು."

"ಎಂತಕ್ಕೆ? ಇಲ್ಲಿ ನಿನಗೆ ಎಂತ ಕಡಿಮೆ ಆಗಿದೆ?"

"ಕಡಿಮೆ ಎಂತ ಇಲ್ಲ. ಅಲ್ಲಿ ಜನ ಉಂಟು."

ಗ್ಲ್ಯಾಡಿಸ್ ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟಳು. ಗಂಡ ದೂರ ಇದ್ದಾನೆ, ಅದು ಗೊತ್ತಿದ್ದದ್ದೇ. ಎದುರಿಗೆ ಕೂತ ಮಗಳೂ ದೂರ ಹೊರಟು ನಿಂತಿದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ.

ಮರುದಿನ ಆಶಾ ಕಾರ್ಯಕರ್ತೆ ನಳಿನಾಕ್ಷಿ ಬಂದರು. ಹೂಕುಂಡದ ತಟ್ಟೆಗಳಲ್ಲಿ ಸೊಳ್ಳೆಮರಿ ಉಂಟಾ ಎಂದು ನೋಡುತ್ತ ನೋಡುತ್ತ ಗ್ಲ್ಯಾಡಿಸ್ ಮುಖವನ್ನೂ ನೋಡಿದರು.

"ಎಂತ ಗ್ಲ್ಯಾಡಿಸ್ ಬಾಯಿ, ಕಣ್ಣು ಕೆಂಪಾಗಿದೆ? ಜ್ವರವಾ?"

"ಜ್ವರ ಅಲ್ಲ ನಳಿನಕ್ಕ," ಎಂದು ಗ್ಲ್ಯಾಡಿಸ್ ಎಲ್ಲವನ್ನೂ ಹೇಳಿಕೊಂಡಳು.

"ನೀವಿಬ್ಬರೇ ಸೇರಿ ಆಡಿದ್ದು, ನಕ್ಕದ್ದು ಯಾವಾಗ? ನಿಮ್ಮವರು ಬಂದಾಗಿನ ಲೆಕ್ಕ ಬೇಡ."

"ಅವರಿಲ್ಲದೆ ಆಡಿದ್ದು ನೆನಪೇ ಇಲ್ಲ ಅಕ್ಕ," ಎಂದಳು ಗ್ಲ್ಯಾಡಿಸ್.

"ನಮ್ಮವರದ್ದು ಬೋಟಿನ ಕೆಲಸ. ಹೋದರೆ ಹತ್ತು ದಿನ ಸಮುದ್ರದಲ್ಲೇ," ಎಂದರು ನಳಿನಾಕ್ಷಿ. "ಅವರು ಬರಲಿ ಅಂತ ನಾನು ಕಾಯುವುದಿಲ್ಲ. ತಿಂಗಳಿಗೊಂದು ಭಾನುವಾರ ನಮ್ಮಲ್ಲಿ ಮನೆ ದಿನ. ಒಂದೊಂದು ಸಲ ಒಂದೊಂದು ವಿಷಯ. ಹೋದ ತಿಂಗಳು ಗುಳ್ಳ ಬದನೆಯ ದಿನ. ಮಟ್ಟುವಿನಿಂದ ಗುಳ್ಳ ತಂದು ಹುಳಿ, ಬಜ್ಜಿ, ಎಣ್ಣೆಯಲ್ಲಿ ಕರಿದ ಪೋಡಿ ಎಲ್ಲ ಮಕ್ಕಳೇ ನನ್ನ ಜೊತೆ ನಿಂತು ಮಾಡಿದ್ದು. ಮಗ ಉಜ್ವಲ್ ಬದನೆಕಾಯಿಗೆ ಮೀಸೆ ಬರೆದ. ಮಗಳು ಚೈತಾಲಿ ಅದಕ್ಕೆ ಮದುವೆ ಮಾಡಿಸಿದಳು."

"ನಿಮ್ಮದು ಮಕ್ಕಳ ಮನೆ ಅಕ್ಕ. ನಾವಿಬ್ಬರೇ. ಇಬ್ಬರ ಮನೆಯಲ್ಲಿ ಎಂತ ಗಮ್ಮತ್ತು? ಅಳು ಬರ್ತದೆ ಅಷ್ಟೆ."

"ಬಂದರೆ ಬರಲಿ ಮಾರಾಯ್ರೆ. ನಮ್ಮಲ್ಲಿ ಮೊದಲ ಸಲ ಅರ್ಧ ಗಂಟೆಗೇ ಜಗಳ ಆಗಿತ್ತು. ಒಂದು ಮಾತು ನೆನಪಿಡಿ, ವಿಷಯ ಯಾವುದು ಅಂತ ಮಗು ಹೇಳಬೇಕು, ನೀವಲ್ಲ. ಮತ್ತೆ, ಅಷ್ಟು ಹೊತ್ತು ಫೋನ್ ಡಬ್ಬದೊಳಗೆ. ಪೇಟೆಯಿಂದ ಎಂತ ತರುವುದೂ ಬೇಡ."

ಗ್ಲ್ಯಾಡಿಸ್‌ಗೆ ನಂಬಿಕೆ ಬರಲಿಲ್ಲ. ಆದರೂ ಸಂಜೆ, ಭಾನುವಾರ ಯಾವುದರ ದಿನ ಮಾಡುವ ಎಂದು ಮಗಳನ್ನು ಕೇಳಿದಳು. ಟೀನಾ ತಾಯಿಯನ್ನು ಅನುಮಾನದಿಂದ ನೋಡಿದಳು. ಆಮೇಲೆ, "ಬಸ್ಸು," ಎಂದಳು.

ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದ ಮೇಲೆ ಹಾಲಿನಲ್ಲಿ ಕುರ್ಚಿಗಳು ಎರಡು ಸಾಲಾದವು. ಫೋನು, ಟ್ಯಾಬ್ ಎರಡೂ ಬಿಸ್ಕಿಟಿನ ಡಬ್ಬ ಸೇರಿದವು. ಟೀನಾ ಹಳೆಯ ನೋಟ್‌ಬುಕ್ ಕತ್ತರಿಸಿ ಟಿಕೆಟ್ ಮಾಡಿದಳು. ಕುತ್ತಿಗೆಗೆ ವಿಸಿಲ್, ಹೆಗಲಿಗೆ ತಾಯಿಯ ಬ್ಯಾಗು. "ಪಾಂಗಾಳ, ಕಟಪಾಡಿ, ಉದ್ಯಾವರ, ಉಡುಪಿ" ಎಂದು ಕೂಗಿದ್ದೇ ಕೂಗಿದ್ದು. ಆ ಗಂಟಲು ತನ್ನ ಮಗಳದೇ ಎಂದು ಗ್ಲ್ಯಾಡಿಸ್‌ಗೆ ನಂಬುವುದೇ ಕಷ್ಟವಾಯಿತು. ಅವಳು ಹೋಗಿ ಹಿಂದಿನ ಕುರ್ಚಿಯಲ್ಲಿ ಕೂತಳು. ಮುಂದಿನದು ಅಲೆಕ್ಸಾಂಡರ್ ಕೂರುವ ಕುರ್ಚಿ.

"ಮುಂದೆ ಬನ್ನಿ, ಮುಂದೆ ಬನ್ನಿ. ಮುಂದೆ ಸೀಟು ಖಾಲಿ ಉಂಟಲ್ಲ," ಎಂದಳು ಕಂಡಕ್ಟರ್.

ಗ್ಲ್ಯಾಡಿಸ್ ನಗುತ್ತ ಮುಂದೆ ಬಂದು ಕೂರುವಷ್ಟರಲ್ಲಿ ಡಬ್ಬದೊಳಗೆ ಫೋನ್ ರಿಂಗಾಯಿತು. ಅದು ಕುವೈಟಿನ ಕರೆ ಬರುವ ಹೊತ್ತು. ಅವಳು ಎದ್ದಳು. ಎದ್ದವಳು ತಿರುಗಿ ನೋಡಿದರೆ ಟೀನಾ ವಿಸಿಲ್ ತೆಗೆದಿಟ್ಟು ಕುರ್ಚಿಗಳನ್ನು ಮೇಜಿನ ಕೆಳಗೆ ತಳ್ಳುತ್ತಿದ್ದಳು. ಕೋಪವಿಲ್ಲ. ಇದೆಲ್ಲ ಅವಳಿಗೆ ಅಭ್ಯಾಸವಾಗಿ ಹೋಗಿತ್ತು.

ಗ್ಲ್ಯಾಡಿಸ್ ಡಬ್ಬ ತೆರೆದಳು. ಫೋನ್ ಎತ್ತಿ, "ನಾನೀಗ ಬಸ್ಸಿನಲ್ಲಿದ್ದೇನೆ. ಇಳಿದ ಮೇಲೆ ಫೋನ್ ಮಾಡ್ತೇನೆ," ಎಂದಳು. "ಯಾವ ಬಸ್ಸು?" ಎಂದು ಗಂಡ ಕೇಳುವ ಮೊದಲೇ ಇಟ್ಟು ಬಂದು ಕುರ್ಚಿಯನ್ನು ಮತ್ತೆ ಹೊರಗೆಳೆದು ಕೂತಳು.

ಟೀನಾ ವಿಸಿಲನ್ನು ಮತ್ತೆ ಕುತ್ತಿಗೆಗೆ ಹಾಕಿಕೊಂಡಳು. ಆಮೇಲೆ ಮೆಲ್ಲಗೆ ಬಂದು, "ಟಿಕೆಟ್. ಎಲ್ಲಿಗೆ?" ಎಂದಳು.

"ಹಾಸ್ಟೆಲಿಗೆ ಒಂದು ಕೊಡಿ. ಅಲ್ಲಿ ನನ್ನ ಮಗಳು ಇದ್ದಾಳೆ. ಅವಳನ್ನು ನೋಡದೆ ಬಹಳ ದಿನ ಆಯಿತು." ತಮಾಷೆಗೆಂದು ಶುರುಮಾಡಿದ ಮಾತು ಮುಗಿಯುವಾಗ ತಮಾಷೆಯಾಗಿ ಉಳಿದಿರಲಿಲ್ಲ.

ಕಂಡಕ್ಟರ್ ಟಿಕೆಟ್ ಪುಸ್ತಕ ಮಡಚಿದಳು. "ಈ ಬಸ್ಸು ಅಲ್ಲಿಗೆ ಹೋಗುವುದಿಲ್ಲ," ಎಂದಳು. ಮತ್ತೆ, "ನೀವು ಕೂತುಕೊಳ್ಳಿ. ಎಲ್ಲಿ ಇಳಿಯಬೇಕು ಅಂತ ನಾನು ಹೇಳ್ತೇನೆ."

ಇಳಿಯುವಾಗ ಮಧ್ಯಾಹ್ನ ಎರಡು ಗಂಟೆ. ಗಂಜಿ, ಚಟ್ನಿ, ಮೀನಿನ ಫ್ರೈಯನ್ನು ಹೂವಿನ ಪ್ಲೇಟಿನಲ್ಲೇ ಉಂಡರು. ಆಮೇಲೆ ಇಬ್ಬರೂ ಸೇರಿ ಕುವೈಟಿಗೆ ಫೋನ್ ಮಾಡಿ ಬಸ್ಸಿನ ಸುದ್ದಿ ಹೇಳಿದರು.

ಒಂದು ದಿನದ ಆಟದಿಂದ ಮನೆ ತುಂಬಿತು ಎಂದರೆ ಸುಳ್ಳಾಗುತ್ತದೆ. ಅಲೆಕ್ಸಾಂಡರ್ ಬರುವುದಕ್ಕೆ ಇನ್ನೂ ಏಳು ತಿಂಗಳು ಉಂಟು. ಗ್ಲ್ಯಾಡಿಸ್‌ಗೆ ಈಗಲೂ ಒಮ್ಮೊಮ್ಮೆ ಬೇಸರ ತಡೆಯಲಾಗುವುದಿಲ್ಲ. ಆದರೆ ಟೀನಾ ಮತ್ತೆ ಹಾಸ್ಟೆಲಿನ ಮಾತೆತ್ತಲಿಲ್ಲ. ಮುಂದಿನ ತಿಂಗಳ ಭಾನುವಾರಕ್ಕೆ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿ "ನಮ್ಮ ಬೀಚಿನ ದೀಪಸ್ತಂಭದ ದಿನ" ಎಂದು ಬರೆದಿದ್ದಾಳೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರೋ ದೂರ ಇರಬಹುದು. ಅವರಿಗಾಗಿ ಕಾಯಿರಿ, ತಪ್ಪಿಲ್ಲ. ಆದರೆ ನಗುವುದನ್ನು ಅವರು ಬರುವ ತನಕ ಕಟ್ಟಿಡಬೇಡಿ. ತಿಂಗಳಿಗೊಂದು ದಿನ ಗೊತ್ತುಮಾಡಿ. ವಿಷಯವನ್ನು ಮಕ್ಕಳು ಆರಿಸಲಿ. ಎರಡು ಗಂಟೆ ಫೋನ್ ಮುಚ್ಚಿಡಿ. ಮನೆಯಲ್ಲಿ ಇಬ್ಬರೇ ಇದ್ದೀರಾ? ಇಬ್ಬರು ಸಾಕು. ಈ ಭಾನುವಾರವೇ ಮಗುವಿನ ಪಕ್ಕ ಹೋಗಿ ಕೂತು ಕೇಳಿ, "ನಾವು ಎಂತ ಆಡುವ?"